ಮಾಮಾ, ಮ್ಯಾಲೆ ಬರ್ಫ್ ಬಿದ್ದೈತಂತ

ನೋಯ್ಡಾದಲ್ಲಿ ಜನವರಿ ತಿಂಗಳಲ್ಲಿ ಮಳೆ ಬಂತೆಂದರೆ ನನ್ನ ಫೋನು ಬಡಿದುಕೊಳ್ಳಲು ಶುರು ಮಾಡುತ್ತದೆ. ಹುಬ್ಬಳ್ಳಿಯಿಂದ ಅಕ್ಕನ ಮಗ, ದಾವಣಗೆರೆಯಿಂದ ಹಳೇ ಗೆಳೆಯನ ಮಗಳು, ಬೆಂಗಳೂರಿನಿಂದ ನಾನು ಮುಖವನ್ನೇ ನೋಡಿರದ ಯಾರದೋ ಸಹೋದ್ಯೋಗಿ. ಎಲ್ಲರದೂ ಒಂದೇ ಮಾತು. "ಮಾಮಾ, ಮ್ಯಾಲೆ ಬರ್ಫ್ ಬಿದ್ದೈತಂತ. ಈ ಸಲ ಬಿಡೂದಿಲ್ಲ. ಶುಕ್ರವಾರ ನಿಮ್ಮನ್ಯಾಗ ಊಟ, ರಾತ್ರಿ ಬಸ್ಸು." ಇಪ್ಪತ್ತಾರು ವರ್ಷದಿಂದ ದಿಲ್ಲಿ ಸೀಮೆಯಲ್ಲಿರುವ ನನ್ನದು ಮನೆಯಲ್ಲ, ಧರ್ಮಶಾಲೆ. ಬೆನ್ನಿಗೆ ಆಳೆತ್ತರದ ಚೀಲ ಹೊತ್ತು ಬರುತ್ತಾರೆ, ಊರಿನಿಂದ ತಂದ ಹಿಟ್ಟಿನ ಜೋಳದ ರೊಟ್ಟಿ ಹೊಡೆಯುತ್ತಾರೆ, ಕಶ್ಮೀರಿ ಗೇಟಿಗೋ ಮಜನೂ ಕಾ ಟೀಲಾಕ್ಕೋ ಹೋಗಿ ಮನಾಲಿಯ ಅಥವಾ ಡೆಹ್ರಾಡೂನಿನ ಬಸ್ಸು ಹತ್ತುತ್ತಾರೆ. ನಾಲ್ಕಾರು ದಿನ ಬಿಟ್ಟು ಮೂಗಿನ ಸಿಪ್ಪೆ ಸುಲಿದುಕೊಂಡು, ಸಾವಿರ ಫೋಟೋ ತುಂಬಿಕೊಂಡು ವಾಪಸ್ಸು ಬರುತ್ತಾರೆ. ನನ್ನ ಹೆಂಡತಿ ಮತ್ತೆ ರೊಟ್ಟಿ ಬಡಿಯುತ್ತಾಳೆ.

ಊಟ ಹಾಕುವುದಕ್ಕೆ ನನಗೇನೂ ಬೇಜಾರಿಲ್ಲ. ಪರದೇಶಿಯಾಗಿ ಬದುಕುವವನಿಗೆ ಬಾಗಿಲಲ್ಲಿ ನಿಂತು ಕನ್ನಡ ಮಾತಾಡುವ ಹುಡುಗನಿಗಿಂತ ದೊಡ್ಡ ಸುಖ ಏನಿದೆ? ನನ್ನ ತಕರಾರು ಬೇರೆ. ಇಷ್ಟು ವರ್ಷಗಳಲ್ಲಿ ನನ್ನ ಮನೆಯ ಸೋಫಾದ ಮೇಲೆ ಮಲಗಿ ಹೋದ ಹತ್ತಾರು ಹುಡುಗ ಹುಡುಗಿಯರು ನನ್ನನ್ನು ಜಾಕೆಟ್ಟಿನ ಬಗ್ಗೆ ಕೇಳಿದ್ದಾರೆ, ಬೂಟಿನ ಬಗ್ಗೆ ಕೇಳಿದ್ದಾರೆ, ಅಲ್ಲಿ ನೆಟ್‌ವರ್ಕ್ ಸಿಗತದೇನು ಅಂತ ಕೇಳಿದ್ದಾರೆ. ಹಿಮದ ಬಗ್ಗೆ ಒಬ್ಬರೂ ಕೇಳಿಲ್ಲ. ಯಾವಾಗ ಬಿತ್ತು, ಎಷ್ಟು ಬಿತ್ತು, ಯಾವುದರ ಮೇಲೆ ಬಿತ್ತು, ಗಾಳಿ ಯಾವ ಕಡೆಯಿಂದ ಇತ್ತು ಎಂಬ ಪ್ರಶ್ನೆಗಳು ಇವೆ ಎಂಬುದೇ ಅವರಿಗೆ ಗೊತ್ತಿಲ್ಲ. ಅವರಿಗೆ ಗೊತ್ತಾಗಲಿ ಎಂದು ನಾವು, ಕನ್ನಡ ಓದುವವರು ಬರೆಯುವವರು, ಏನೂ ಮಾಡಿಲ್ಲ. ಈ ಲೇಖನ ಆ ಸಿಟ್ಟಿನಿಂದ ಹುಟ್ಟಿದ್ದು.

ಮೊದಲು ಈ ಮಳೆಯ ವಿಷಯ ಹೇಳಿಬಿಡುತ್ತೇನೆ, ಊರಲ್ಲಿರುವ ನಿಮಗೆ ಇದು ಅಷ್ಟಾಗಿ ಪರಿಚಯ ಇರಲಿಕ್ಕಿಲ್ಲ. ನಮ್ಮ ಕಡೆ ಮಳೆ ಅಂದರೆ ಮುಂಗಾರು, ಹಿಂಗಾರು. ಇಲ್ಲಿ ಮೂರನೆಯದೊಂದಿದೆ. ಭೂಮಧ್ಯ ಸಮುದ್ರದ ಕಡೆ ಹುಟ್ಟಿ ಇರಾನು, ಅಫ್ಘಾನಿಸ್ತಾನ ದಾಟಿ ಬರುವ ಗಾಳಿಯ ಸುಳಿ. ಲೋಧಿ ರೋಡಿನ ಹವಾಮಾನ ಇಲಾಖೆಯವರು ಇದನ್ನು ವೆಸ್ಟರ್ನ್ ಡಿಸ್ಟರ್ಬೆನ್ಸ್ ಎನ್ನುತ್ತಾರೆ. ಅದು ದಿಲ್ಲಿಯ ಮೇಲೆ ಎರಡು ದಿನ ಜಿಟಿಜಿಟಿ ಹನಿಯುತ್ತದೆ, ಪಂಜಾಬಿನ ಗೋಧಿಗೆ ಜೀವ ಕೊಡುತ್ತದೆ, ಹಿಮಾಚಲ, ಉತ್ತರಾಖಂಡ, ಕಾಶ್ಮೀರದ ಬೆಟ್ಟಗಳ ಮೇಲೆ ಹಿಮ ಸುರಿಯುತ್ತದೆ. ಮೂರನೆಯ ದಿನ ಆಕಾಶ ತೊಳೆದಿಟ್ಟ ತಾಟಿನ ಹಾಗೆ ಆಗುತ್ತದೆ. ಬಿಸಿಲು ಬೀಳುತ್ತದೆ. ಟೀವಿಯವರು ಬಿಳಿ ಬೆಟ್ಟಗಳನ್ನು ತೋರಿಸಿ ಹಬ್ಬದ ಧಾಟಿಯಲ್ಲಿ ಕೂಗುತ್ತಾರೆ. ಅದೇ ಶುಕ್ರವಾರ ಬಸ್ಸುಗಳು ಭರ್ತಿ. ದಿಲ್ಲಿ, ಗುರುಗ್ರಾಮ, ನೋಯ್ಡಾಗಳ ಕಾರುಗಳು ಅಟಲ್ ಸುರಂಗದ ಬಾಯಿಯಲ್ಲಿ ಸಾಲುಗಟ್ಟುತ್ತವೆ.

ಹಿಮದ ನಾಡಿನಲ್ಲಿ ಬದುಕುವ ಯಾರನ್ನಾದರೂ ಕೇಳಿ. ಭಾರೀ ಹಿಮ ಬಿದ್ದ ಮೇಲಿನ ಮೊದಲ ಒಂದೆರಡು ದಿನ, ಅದರಲ್ಲೂ ಮೊದಲ ಬಿಸಿಲಿನ ದಿನ, ಇಳಿಜಾರು ಅತ್ಯಂತ ಅಪಾಯದ ಸ್ಥಿತಿಯಲ್ಲಿರುತ್ತದೆ. ನಾವು ಸರಿಯಾಗಿ ಆ ದಿನವನ್ನೇ ಆರಿಸಿಕೊಂಡು ಟಿಕೆಟ್ ಮಾಡುತ್ತೇವೆ. ಫೋಟೋ ಚೆನ್ನಾಗಿ ಬರುವ ದಿನವೂ ಅದೇ, ಬೆಟ್ಟ ಕಳಚಿಕೊಳ್ಳುವ ದಿನವೂ ಅದೇ.

ಇನ್ನು ನಮ್ಮ ಭಾಷೆಯ ಮಾತು. ಪತ್ರಿಕೆ ತೆಗೆದು ನೋಡಿ. ಮನಾಲಿಯಲ್ಲಿ ಹತ್ತಿಯಂತೆ ಹಿಮ ಉದುರಿ ಮದುವೆಯಾದ ಹೊಸ ಜೋಡಿ ಕುಣಿದರೆ ಅದು 'ಹಿಮಪಾತ'. ಸಿಯಾಚಿನ್‌ನಲ್ಲಿ ಬೆಟ್ಟದ ಪಕ್ಕೆ ಕಿತ್ತು ಬಂದು ಸೈನಿಕರನ್ನು ಹೂತರೆ ಅದೂ 'ಹಿಮಪಾತ'. ಒಂದೇ ಪದ! ಅಲ್ರೀ, ಮಳೆಗೂ ಗುಡ್ಡ ಕುಸಿತಕ್ಕೂ ಒಂದೇ ಪದ ಬಳಸಿದ್ದರೆ ಕೊಡಗಿನವರು ಸುಮ್ಮನಿರುತ್ತಿದ್ದರೇ? 2018ರಲ್ಲಿ ಮಡಿಕೇರಿ ಸುತ್ತ ಆದದ್ದನ್ನು, 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಆದದ್ದನ್ನು 'ಭಾರೀ ಮಳೆ' ಅಂತ ಬರೆದು ಕೈತೊಳೆದುಕೊಂಡಿದ್ದರೆ ನಾವು ಸಂಪಾದಕರಿಗೆ ಪತ್ರ ಬರೆಯುತ್ತಿದ್ದೆವು. ಹಿಮಕುಸಿತ ಎಂಬ ಚೊಕ್ಕ ಪದ ಇದೆ, ಗುಡ್ಡ ಕುಸಿತದ ಪಕ್ಕದಲ್ಲೇ ಕೂರಿಸಬಹುದಾದ ಪದ. ಬಳಸುವವರು ಕಡಿಮೆ. ಪದ ಮಸುಕಾದರೆ ಭಯವೂ ಮಸುಕಾಗುತ್ತದೆ. 'ಹಿಮಪಾತದ ಮುನ್ಸೂಚನೆ' ಅಂತ ಓದಿದ ಹುಡುಗ ಜಾಕೆಟ್ ಕೊಳ್ಳಲು ಹೋಗುತ್ತಾನೆ. 'ಹಿಮಕುಸಿತದ ಎಚ್ಚರಿಕೆ' ಅಂತ ಓದಿದ್ದರೆ ಒಂದು ಕ್ಷಣ ತಡೆದು ಕೂಡುತ್ತಿದ್ದನೇನೋ.

ಹಿಮ ಅಂದರೆ ಫ್ರಿಜ್ಜಿನ ಬರ್ಫಿನ ಹಾಗೆ ಒಂದೇ ಗಡ್ಡೆ ಅಂತ ನಾನೂ ತಿಳಿದಿದ್ದೆ. ಅಲ್ಲ. ಬೆಟ್ಟದ ಮೇಲಿನ ಹಿಮ ಒಂದು ಚಿರೋಟಿ. ಒಂದೊಂದು ಸಲ ಬಿದ್ದದ್ದು ಒಂದೊಂದು ಪದರ. ಮದುವೆಮನೆಯಲ್ಲಿ ಚಿರೋಟಿಯ ಮೇಲೆ ಬೆರಳಿಟ್ಟು ಒತ್ತಿದ್ದೀರಲ್ಲ? ಮೇಲಿನ ಪದರ ಗರಿಗರಿಯಾಗಿ ನಿಂತಿರುತ್ತದೆ, ಒಳಗೆ ಪೊಳ್ಳು, ಒತ್ತಿದ ಕೂಡಲೇ ಕುಸಿಯುತ್ತದೆ. ಚಳಿಗಾಲದ ಆರಂಭದಲ್ಲಿ ತೆಳ್ಳಗೆ ಹಿಮ ಬಿದ್ದು, ಆಮೇಲೆ ವಾರಗಟ್ಟಲೆ ಒಣ ಚಳಿ ಹೊಡೆದರೆ, ನೆಲಕ್ಕೆ ತಾಗಿದ ಹಿಮ ತನ್ನಷ್ಟಕ್ಕೆ ರೂಪ ಬದಲಿಸಿ ಸಕ್ಕರೆ ಹರಳಿನಂತೆ ಆಗುತ್ತದೆ. ಹರಳಿಗೂ ಹರಳಿಗೂ ಅಂಟಿಲ್ಲ. ಅದರ ಮೇಲೆ ಒಂದೇ ಸಲ ಎರಡಡಿ, ಮೂರಡಿ ಹೊಸ ಹಿಮ ಬಿದ್ದರೆ, ಗಾಳಿ ಅದನ್ನು ಬಡಿದು ಹಲಗೆಯಂತೆ ಗಟ್ಟಿ ಮಾಡಿದರೆ, ಏನಾಯಿತು? ಓರೆ ಇಟ್ಟ ಮೇಜಿನ ಮೇಲೆ ಸಕ್ಕರೆ ಚೆಲ್ಲಿ, ಅದರ ಮೇಲೆ ಹಲಗೆ ಇಟ್ಟಂತಾಯಿತು. ಅದು ಜಾರದೆ ನಿಂತಿರುವುದೇ ವಿಶೇಷ. ಬೇಕಾದ್ದು ಒಬ್ಬ ಮನುಷ್ಯನ ಭಾರ.

ಇಲ್ಲೇ ನಮ್ಮವರ ದೊಡ್ಡ ತಪ್ಪು ತಿಳಿವಳಿಕೆ ಇರುವುದು. ಸಿನಿಮಾ ನೋಡಿ ನೋಡಿ ನಾವು ಹಿಮಕುಸಿತ ಎಂದರೆ ಎಲ್ಲೋ ಶಿಖರದಿಂದ ಗುಡುಗುತ್ತಾ ಬಂದು ಅಮಾಯಕರ ಮೇಲೆ ಎರಗುವ ದೈವಕೋಪ ಅಂದುಕೊಂಡಿದ್ದೇವೆ. ಪರದೇಶಗಳಲ್ಲಿ ದಶಕಗಳಿಂದ ಲೆಕ್ಕ ಇಟ್ಟವರು ಹೇಳುವುದೇ ಬೇರೆ. ವಿಹಾರಕ್ಕೆ ಹೋಗಿ ಸಿಕ್ಕಿಕೊಂಡವರಲ್ಲಿ ಹತ್ತಕ್ಕೆ ಒಂಬತ್ತು ಪಾಲು, ಆ ಹಲಗೆಯನ್ನು ಕಳಚಿದ್ದು ಅವರೇ ಅಥವಾ ಅವರ ಗುಂಪಿನವರೇ. ಅದೂ ಭಯಂಕರ ಕಡಿದಾದ ಗೋಡೆಯಲ್ಲಲ್ಲ. ಅಲ್ಲಿ ಹಿಮ ನಿಲ್ಲುವುದೇ ಇಲ್ಲ, ಬಿದ್ದದ್ದು ಬಿದ್ದಂತೆ ಉದುರಿಹೋಗುತ್ತದೆ. ಮೂವತ್ತರಿಂದ ನಲವತ್ತೈದು ಡಿಗ್ರಿಯ ಇಳಿಜಾರು ಕೊಲ್ಲುವ ಇಳಿಜಾರು. ನೋಡಲು ಜಾರುಬಂಡಿಗೆ ಹೇಳಿ ಮಾಡಿಸಿದಂತೆ ಇರುತ್ತದೆ.

2016ರ ಫೆಬ್ರುವರಿ ನಿಮಗೆ ನೆನಪಿರಬೇಕು. ಹುಬ್ಬಳ್ಳಿಯವನಾದ ನನಗಂತೂ ಮರೆಯಲಾಗದು. ಆ ತಿಂಗಳ 3ರಂದು ಸಿಯಾಚಿನ್‌ನ ಸೋನಮ್ ಠಾಣೆ, ಸುಮಾರು 19,600 ಅಡಿ ಎತ್ತರ. ಹಿಮದ ಗೋಡೆಯೊಂದು ಕುಸಿದು ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಹತ್ತು ಜನರನ್ನು ಹೂತುಹಾಕಿತು. ಅವರಲ್ಲಿ ಮೂವರು ನಮ್ಮವರು. ಹಾಸನ ಜಿಲ್ಲೆಯ ಸುಬೇದಾರ್ ನಾಗೇಶ, ಮೈಸೂರು ಜಿಲ್ಲೆಯ ಸಿಪಾಯಿ ಮಹೇಶ, ನಮ್ಮ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆರನೆಯ ದಿನ, 8ರಂದು, ಇಪ್ಪತ್ತೈದು ಅಡಿಗೂ ಹೆಚ್ಚು ಆಳದ ಹಿಮದ ಕೆಳಗಿನಿಂದ ಹನುಮಂತಪ್ಪನವರನ್ನು ಜೀವಂತ ತೆಗೆದರು. ಮರುದಿನ ದಿಲ್ಲಿ ಕಂಟೋನ್ಮೆಂಟಿನ ಸೇನಾ ಆಸ್ಪತ್ರೆಗೆ ತಂದರು.

ನಾನು ಮತ್ತು ಬಾಗಲಕೋಟೆಯ ಗೆಳೆಯರೊಬ್ಬರು ಆಫೀಸು ಮುಗಿಸಿ ಧೌಲಾ ಕುವಾಂವರೆಗೆ ಹೋದೆವು. ಒಳಗೆ ಬಿಡುವುದಿಲ್ಲ ಎಂದು ಗೊತ್ತಿತ್ತು. ಹೋಗಿ ಏನು ಮಾಡುವವರಿದ್ದೆವು? ಗೊತ್ತಿಲ್ಲ. ಬೆಟದೂರಿನ ಮನುಷ್ಯ ಈ ಗೋಡೆಯ ಆಚೆ ಮಲಗಿದ್ದಾನೆ, ಕಣ್ಣು ಬಿಟ್ಟರೆ ಯಾರಾದರೂ ಕನ್ನಡದಲ್ಲಿ ಮಾತಾಡಿಸಬೇಕಲ್ಲ ಎಂಬ ಹುಚ್ಚು ಯೋಚನೆ. ಎದುರಿನ ಚಹದಂಗಡಿಯವನು, ಬಿಹಾರದವನು, ನಾವು ಕರ್ನಾಟಕದವರು ಅಂತ ತಿಳಿದು ದುಡ್ಡು ತೆಗೆದುಕೊಳ್ಳಲಿಲ್ಲ. 11ರಂದು ಮಧ್ಯಾಹ್ನಕ್ಕೆ ಮುಂಚೆ ಹನುಮಂತಪ್ಪ ತೀರಿಕೊಂಡರು. ಅವರಿಗೆ 33 ವರ್ಷ.

ಅದನ್ನು ನಾವು 'ಪವಾಡ' ಎಂದೆವು. ದೇಶವೆಲ್ಲಾ ಎಂದಿತು. ಆ ಮನುಷ್ಯನ ಗಟ್ಟಿತನಕ್ಕೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. ಆದರೆ ಆ ಪವಾಡದಿಂದ ನಾವು ಕಲಿತ ಪಾಠ ತಪ್ಪು. ಹಿಮದಡಿ ಸಿಕ್ಕರೂ ದಿನಗಟ್ಟಲೆ ಬದುಕಬಹುದು, ಹುಡುಕುವವರು ಬಂದೇ ಬರುತ್ತಾರೆ ಎಂಬ ಕಲ್ಪನೆ ನಮ್ಮ ಹುಡುಗರ ತಲೆಯಲ್ಲಿ ಕೂತುಬಿಟ್ಟಿದೆ. ಅವರು ಗುಡಾರದೊಳಗಿದ್ದರು, ಗಾಳಿ ಉಳಿದ ಪುಟ್ಟ ಜಾಗವೊಂದು ಸಿಕ್ಕಿರಬೇಕು ಎಂದು ಸೇನೆಯವರೇ ಹೇಳಿದರು. ಜೊತೆಗಿದ್ದ ಒಂಬತ್ತು ಜನ ಅಷ್ಟೇ ಗಟ್ಟಿಗರು, ಅಷ್ಟೇ ತರಬೇತಿ ಪಡೆದವರು. ಒಬ್ಬರೂ ಉಳಿಯಲಿಲ್ಲ. ತೆರೆದ ಇಳಿಜಾರಿನಲ್ಲಿ ಹೂತುಹೋದವನಿಗೆ ಸಿಗುವುದು ದಿನಗಳಲ್ಲ, ಹತ್ತು ಹದಿನೈದು ನಿಮಿಷ. ಅಷ್ಟರೊಳಗೆ ಹೊರಗೆ ತೆಗೆದರೆ ಬಹುಪಾಲು ಜನ ಬದುಕುತ್ತಾರೆ. ಅರ್ಧ ಗಂಟೆ ದಾಟಿದರೆ ಬಹುಪಾಲು ಜನ ಬದುಕುವುದಿಲ್ಲ. ಚಳಿಯಿಂದಲ್ಲ, ಉಸಿರು ಕಟ್ಟಿ. ಹರಿಯುವಾಗ ಹಿಟ್ಟಿನಂತೆ ಇದ್ದ ಹಿಮ ನಿಂತ ಗಳಿಗೆಯಲ್ಲಿ ಸಿಮೆಂಟಿನಂತೆ ಬಿಗಿಯುತ್ತದೆ, ಕೈಬೆರಳು ಅಲ್ಲಾಡಿಸಲೂ ಆಗುವುದಿಲ್ಲ. ಹೆಲಿಕಾಪ್ಟರು, ನಾಯಿ, ಸೇನೆ ಯಾವುದೂ ಹತ್ತು ನಿಮಿಷದಲ್ಲಿ ಬರುವುದಿಲ್ಲ. ಬರುವವರು ಪಕ್ಕದಲ್ಲಿ ನಡೆಯುತ್ತಿದ್ದ ಗೆಳೆಯರು ಮಾತ್ರ. ಅವರ ಬಳಿ ಸಲಿಕೆ ಇರಬೇಕು, ಚುಚ್ಚಿ ನೋಡುವ ಉದ್ದನೆಯ ಕಡ್ಡಿ ಇರಬೇಕು, ಎಲ್ಲರ ಎದೆಗೂ ಸಂಕೇತ ಕಳಿಸುವ ಟ್ರಾನ್ಸೀವರ್ ಎಂಬ ಪುಟ್ಟ ಯಂತ್ರ ಕಟ್ಟಿರಬೇಕು, ಅದನ್ನು ಬಳಸಲು ಕಲಿತಿರಬೇಕು. ನಮ್ಮ ಮನೆಗೆ ಬಂದ ಆಳೆತ್ತರದ ಚೀಲಗಳಲ್ಲಿ ನಾನು ಡ್ರೋನ್ ನೋಡಿದ್ದೇನೆ, ಸಲಿಕೆ ನೋಡಿಲ್ಲ.

ಈಗ ಅಳಿಯನ ಕತೆ. ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ.

2024ರ ಜನವರಿ ಪೂರ್ತಿ ಬೆಟ್ಟಗಳು ಒಣಗಿ ಕೂತಿದ್ದವು. ಗುಲ್ಮಾರ್ಗದಲ್ಲಿ ಕಂದು ಹುಲ್ಲು ಕಾಣುತ್ತಿದೆ ಎಂದು ಪತ್ರಿಕೆಗಳು ಗೋಳಾಡುತ್ತಿದ್ದವು. ತಿಂಗಳ ಕೊನೆಗೆ ಗಾಳಿ ತಿರುಗಿತು. ದಿಲ್ಲಿಯಲ್ಲಿ ಮಳೆ, ಮೇಲೆ ನಾಲ್ಕೈದು ದಿನ ಎಡೆಬಿಡದೆ ಹಿಮ. ನಾನು ಮೇಲೆ ಹೇಳಿದ ಚಿರೋಟಿಯನ್ನು ಜ್ಞಾಪಿಸಿಕೊಳ್ಳಿ. ನೆರಳಿನ ಇಳಿಜಾರುಗಳಲ್ಲಿ ಉಳಿದಿದ್ದ ತೆಳು ಹಳೇ ಹಿಮ ಒಣಚಳಿಗೆ ಸಕ್ಕರೆಯಾಗಿತ್ತು, ಅದರ ಮೇಲೆ ಒಮ್ಮೆಗೇ ಈ ಹೊರೆ. ಆ ವಾರವೇ ಅಳಿಯ ಬಂದ. ಉತ್ತರಾಖಂಡದ ಒಂದು ಚಳಿಗಾಲದ ಟ್ರೆಕ್ಕು, ಐದು ದಿನದ್ದು. ಕಂಪನಿಯ ಹೆಸರು ಬರೆಯುವುದಿಲ್ಲ, ಬರೆದು ಉಪಯೋಗವೂ ಇಲ್ಲ. ಅಂಥವು ಬೇಕಾದಷ್ಟಿವೆ.

ವಾಪಸ್ಸು ಬಂದವನು ಸೋಫಾದ ಮೇಲೆ ಕಾಲು ಚಾಚಿ, "ಮಾಮಾ, ಒಂದ್ ಮಸ್ತ್ ವಿಡಿಯೋ ಐತಿ ನೋಡ್ರಿ" ಅಂದ. ನೋಡಿದೆ. ಹತ್ತೊಂಬತ್ತು ಜನ ಒಂದೇ ಸಾಲಿನಲ್ಲಿ, ಇರುವೆಗಳ ಹಾಗೆ, ಬಿಳೀ ಇಳಿಜಾರನ್ನು ಅಡ್ಡ ದಾಟುತ್ತಿದ್ದಾರೆ. ಒಬ್ಬರಿಗೂ ಇನ್ನೊಬ್ಬರಿಗೂ ಮೂರಡಿ ಅಂತರ. ಬೆಳಿಗ್ಗೆ ಹನ್ನೊಂದರ ಬಿಸಿಲು. ಹಿಂದೀ ಹಾಡು. ಇದ್ದಕ್ಕಿದ್ದಂತೆ ಒಂದು ಸದ್ದು. ಧುಪ್. ನಮ್ಮ ಅಮರಗೋಳದ ಎಪಿಎಂಸಿಯಲ್ಲಿ ಲಾರಿಯಿಂದ ಹತ್ತಿಯ ಅಂಡಿಗೆ ಕೆಡವಿದರೆ ಬರುತ್ತದಲ್ಲ, ಆ ಥರದ್ದು, ನೆಲದ ಒಳಗಿನಿಂದ. ಹಾಡು ನಿಂತಿತು. ಸಾಲಿನ ಮೇಲ್ಭಾಗದಲ್ಲಿ ಒಂದು ಗೆರೆ ಓಡಿತು, ಬಟ್ಟೆ ಹರಿದ ಹಾಗೆ. ಆಮೇಲೆ ಕ್ಯಾಮೆರಾ ಆಕಾಶ ತೋರಿಸಿತು.

ಜಾರಿದ್ದು ಪುಣ್ಯಕ್ಕೆ ಸಣ್ಣ ತುಂಡು. ಇಬ್ಬರು ಮೂವತ್ತು ನಲವತ್ತು ಅಡಿ ಕೆಳಗೆ ಹೋದರು, ಅವರಲ್ಲಿ ಒಬ್ಬ ಎದೆಯವರೆಗೆ ಹೂತ. ನಮ್ಮ ಅಳಿಯ ಅಲ್ಲ, ಅವನ ಮುಂದಿದ್ದವನು. ಕೈಯಿಂದ, ಊಟದ ಸ್ಟೀಲು ತಾಟುಗಳಿಂದ ತೋಡಿ ತೆಗೆದರಂತೆ. ಎಷ್ಟು ಹೊತ್ತು ಹಿಡೀತು ಅಂದೆ. "ಇಪ್ಪತ್ತ್ ಇಪ್ಪತ್ತೈದ್ ನಿಮಿಷ ಆಗಿರಬೇಕು." ಎದೆಯವರೆಗೆ ಹೂತವನಿಗೆ ಇಪ್ಪತ್ತೈದು ನಿಮಿಷ. ತಲೆಯೂ ಒಳಗಿದ್ದಿದ್ದರೆ?

"ಸಲಿಕಿ ಇರಲಿಲ್ಲೇನೋ?"

"ಸಲಿಕಿ ಯಾಕ ಮಾಮಾ? ನಾವೇನ್ ಬಾವಿ ತೋಡಾಕ ಹೋಗಿದ್ವೇನು?" ಎಂದು ನಕ್ಕ. ನಾನು ಜೀವನದಲ್ಲಿ ಮೊದಲ ಸಲ ಅಕ್ಕನ ಮಗನ ಮೇಲೆ ಕೈ ಎತ್ತಿದೆ. ಹೊಡೆಯಲಿಲ್ಲ. ಹೆಂಡತಿ ಅಡಿಗೆಮನೆಯಿಂದ ಓಡಿ ಬಂದಳು.

ಆಮೇಲೆ ನಿಧಾನವಾಗಿ ಉಳಿದದ್ದು ಹೊರಬಿತ್ತು. ಗಢವಾಲಿನ ಸ್ಥಳೀಯ ಗೈಡು, ಐವತ್ತರ ಆಸುಪಾಸಿನವನು, ಬೆಳಿಗ್ಗೆಯೇ "ಇವತ್ತು ಬೇಡ" ಅಂದಿದ್ದನಂತೆ. ಹಿಂದಿನ ಸಂಜೆ ಎದುರಿನ ಬೆಟ್ಟದಲ್ಲಿ ಒಂದು ತುಂಡು ತಾನಾಗೇ ಜಾರಿದ್ದನ್ನು ತೋರಿಸಿದ್ದನಂತೆ. ಅದಕ್ಕಿಂತ ದೊಡ್ಡ ಎಚ್ಚರಿಕೆ ಬೆಟ್ಟ ಕೊಡುವುದಿಲ್ಲ. ಇವರು ಅದರದ್ದೂ ಫೋಟೋ ತೆಗೆದುಕೊಂಡರು. ಕಂಪನಿಯ ಕಡೆಯ ಲೀಡರು ಇಪ್ಪತ್ತನಾಲ್ಕರ ಹುಡುಗ. ಅವನ ಚಿಂತೆ ಬೇರೆ. ಶಿಖರ ಮುಟ್ಟದಿದ್ದರೆ ಬ್ಯಾಚಿನವರು ದುಡ್ಡು ವಾಪಸ್ ಕೇಳುತ್ತಾರೆ, ಒಂದೇ ನಕ್ಷತ್ರ ಕೊಡುತ್ತಾರೆ, ನಾಳೆಯಿಂದ ಬೇರೆ ಬ್ಯಾಚು ಸಿಗುವುದಿಲ್ಲ. ಗುಂಪಿನವರೂ ಜೋರು ಮಾಡಿದರು. ರಜೆ ಹಾಕಿ, ವಿಮಾನ ಹತ್ತಿ ಬಂದಿದ್ದೇವೆ ಅಂದರು. ಆ ಜೋರಿನಲ್ಲಿ ನಮ್ಮ ಅಳಿಯನ ದನಿಯೂ ಇತ್ತು. ಅದನ್ನವನು ಒಪ್ಪಿಕೊಂಡ, ಅಷ್ಟರಮಟ್ಟಿಗೆ ಅವನು ನಮ್ಮಕ್ಕನ ಮಗನೇ. ಗೈಡು ತಲೆತಗ್ಗಿಸಿ ಮುಂದೆ ನಡೆದ. ದಿನದ ಕೂಲಿಯವನು ಎಷ್ಟು ಸಲ 'ಬೇಡ' ಅನ್ನಬಲ್ಲ?

ಇದನ್ನೆಲ್ಲ ಕೇಳಿದ ಮೇಲೂ ನನ್ನ ಸಿಟ್ಟು ಆ ಹುಡುಗರ ಮೇಲೆ ಅರ್ಧದಷ್ಟು ಮಾತ್ರ. ಉಳಿದರ್ಧ ದೊಡ್ಡವರ ಮೇಲೆ. ಈ ದೇಶದಲ್ಲಿ ಹಿಮಕುಸಿತದ ವಿದ್ಯೆ ಇಲ್ಲವೆಂದಲ್ಲ. ಮನಾಲಿಯಲ್ಲಿ ಬೆಳೆದ ಡಿಆರ್‌ಡಿಒದ ಹಿಮ ಅಧ್ಯಯನ ಸಂಸ್ಥೆ ದಶಕಗಳ ಕಾಲ ಇದನ್ನೇ ಮಾಡಿದೆ. 2020ರಲ್ಲಿ ಅದನ್ನು ಡಿಆರ್‌ಡಿಒದ ಇನ್ನೊಂದು ಪ್ರಯೋಗಾಲಯದ ಜೊತೆ ಸೇರಿಸಿ ಚಂಡೀಗಢದಲ್ಲಿ ಡಿಜಿಆರ್‌ಇ ಎಂದು ಮಾಡಿದರು. ಅವರು ಚಳಿಗಾಲದಲ್ಲಿ ಎಚ್ಚರಿಕೆ ಹೊರಡಿಸುತ್ತಾರೆ. ಇಂಥ ಇಂಥ ಜಿಲ್ಲೆಗಳಲ್ಲಿ ಇಷ್ಟು ಮೀಟರಿಗಿಂತ ಮೇಲೆ ಅಪಾಯವಿದೆ, 24 ಗಂಟೆ ಹುಷಾರು, ಎಂಬ ಬಗೆಯ ಒಂದೆರಡು ಸಾಲು. ಒಳ್ಳೆಯದೇ. ಆದರೆ ಅದು ಯಾರಿಗೆ ಮುಟ್ಟುತ್ತದೆ? 2025ರ ಫೆಬ್ರುವರಿ 27ರ ಸಂಜೆ ಚಮೋಲಿ ಜಿಲ್ಲೆಗೆ ಎಚ್ಚರಿಕೆ ಬಂದಿತ್ತು. ಮರುದಿನ ಬೆಳಗಿನ ಜಾವ ಬದರಿನಾಥದ ಆಚೆ ಮಾಣಾದಲ್ಲಿ ರಸ್ತೆ ಕೆಲಸದವರ ಕಂಟೇನರುಗಳ ಮೇಲೆ ಹಿಮ ಕುಸಿಯಿತು. ಸಿಕ್ಕಿಕೊಂಡ 54 ಜನರಲ್ಲಿ 46 ಜನರನ್ನು ಉಳಿಸಿದರು, ಎಂಟು ಜನ ಸತ್ತರು. ಅವರು ಬರ್ಫ್ ನೋಡಲು ಹೋದವರಲ್ಲ, ಹೊಟ್ಟೆಪಾಡಿಗೆ ಹೋದವರು. ಸರ್ಕಾರದ ಎಚ್ಚರಿಕೆ ಸರ್ಕಾರದ ಕೂಲಿಗಳನ್ನೇ ಮುಟ್ಟದಿದ್ದಾಗ ನೋಯ್ಡಾದಿಂದ ಬಸ್ಸು ಹತ್ತುವ ಹುಡುಗನನ್ನು ಹೇಗೆ ಮುಟ್ಟೀತು?

ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿರುವ ಸಂಸ್ಥೆ ಚಳಿಗಾಲದಲ್ಲಿ ದಿನಕ್ಕೆ ಎರಡು ಸಲ ಹಿಮಕುಸಿತದ ವರದಿ ಕೊಡುತ್ತದೆ, ಸಂಜೆ ಐದಕ್ಕೆ ಒಂದು, ಬೆಳಿಗ್ಗೆ ಎಂಟಕ್ಕೆ ಒಂದು. ನಾಲ್ಕು ಭಾಷೆಗಳಲ್ಲಿ. ಒಂದರಿಂದ ಐದರವರೆಗೆ ಅಪಾಯದ ಅಂಕಿ, ಯಾವ ದಿಕ್ಕಿನ ಇಳಿಜಾರು, ಎಷ್ಟು ಎತ್ತರದ ಮೇಲೆ, ಯಾವ ಪದರ ದುರ್ಬಲ. ನಮ್ಮ ಒಂದು ಜಿಲ್ಲೆಯಲ್ಲಿ ಅವರ ಎಷ್ಟೋ ಕಣಿವೆಗಳು ಹಿಡಿಸುತ್ತವೆ. ಅದನ್ನು ಇಲ್ಲಿ ರಾತ್ರೋರಾತ್ರಿ ಮಾಡಿ ಎನ್ನುವಷ್ಟು ಪೆದ್ದ ನಾನಲ್ಲ. ಹಣ ಬೇಕು, ಪ್ರತಿ ಕಣಿವೆಯಲ್ಲೂ ಹಿಮ ತೋಡಿ ನೋಡುವ ಮನುಷ್ಯರು ಬೇಕು. ಆದರೆ ಇರುವ ಎರಡು ಸಾಲನ್ನು ಬುಕಿಂಗ್ ಮಾಡಿದವರ ಫೋನಿಗೆ ಕಳಿಸು ಎಂದು ಟ್ರೆಕ್ ಕಂಪನಿಗೆ ಹೇಳಲು ಯಾವ ಹಣ ಬೇಕು? ಗೈಡು 'ಬೇಡ' ಅಂದರೆ ಅದೇ ಕೊನೇ ಮಾತು, ದುಡ್ಡಿನ ಲೆಕ್ಕ ಆಮೇಲೆ, ಎಂದು ಬರೆದುಕೊಡಲು ಎಷ್ಟು ಶಾಯಿ ಬೇಕು? ಕುಮಾರಪರ್ವತದ ಬುಡದಲ್ಲಿ 2024ರ ಜನವರಿಯಲ್ಲಿ ಜಾತ್ರೆ ಸೇರಿತು ಎಂದು ನಮ್ಮ ಅರಣ್ಯ ಇಲಾಖೆ ಚಾರಣ ನಿಲ್ಲಿಸಿ ನಿಯಮ ತಂದಿತಲ್ಲ. ಅಲ್ಲಿ ಹಿಮವೂ ಇಲ್ಲ.

ಊರಿನವರ ಎರಡು ಮಾತು ನನಗೆ ಬರುವ ಬೇಸಿಗೆಯಲ್ಲೂ ಕೇಳಬೇಕಾಗುತ್ತದೆ, ಅದಕ್ಕೆ ಈಗಲೇ ಉತ್ತರ ಕೊಡುತ್ತೇನೆ. ಒಂದು, "ಹೋಗೂದಾರ ಯಾಕ? ಮನ್ಯಾಗ ಇರಾಕ ಬರೂದಿಲ್ಲೇನು?" 2024ರ ಜೂನ್‌ನಲ್ಲಿ ಉತ್ತರಕಾಶಿಯ ಸಹಸ್ರ ತಾಲ್‌ನಿಂದ ಇಳಿಯುವಾಗ ಹಿಮಗಾಳಿಗೆ ಸಿಕ್ಕು ಒಂಬತ್ತು ಜನ ತೀರಿಕೊಂಡಾಗ ಈ ಮಾತು ಎಲ್ಲ ಕಡೆ ಕೇಳಿತು. ಅದು ಹಿಮಕುಸಿತವಲ್ಲ, ಗಾಳಿ ಮತ್ತು ಚಳಿ. ತಂಡ ಕರ್ನಾಟಕದಿಂದ ಹೋದದ್ದು, ಅದರಲ್ಲಿ ಐವತ್ತು ಅರವತ್ತು ದಾಟಿದವರೂ ಇದ್ದರು. ವರ್ಷಗಟ್ಟಲೆ ನಡೆದು ಅಭ್ಯಾಸವಿದ್ದವರು. ಅವರ ಚಿತೆ ಆರುವ ಮೊದಲೇ ಮೊಬೈಲಿನಲ್ಲಿ ಬುದ್ಧಿವಾದ ಹಂಚಿದವರನ್ನು ನಾನು ಕ್ಷಮಿಸಿಲ್ಲ. ಬೆಟ್ಟಕ್ಕೆ ಹೋಗುವುದು ತಪ್ಪಲ್ಲ. ನಾನೂ ಹೋಗಿದ್ದೇನೆ. ಸಾಂಕ್ರಿಯ ಮೇಲೆ ಒಂದು ಬೆಳಿಗ್ಗೆ, ದೇವದಾರು ಕೊಂಬೆಯಿಂದ ಹಿಮ ಸದ್ದಿಲ್ಲದೆ ಜಾರಿದ್ದನ್ನು ನೋಡಿ, ಇದನ್ನು ಅವ್ವನಿಗೆ ತೋರಿಸಲಾಗಲಿಲ್ಲವಲ್ಲ ಎಂದು ಅತ್ತಿದ್ದೇನೆ. ಹೋಗಬೇಡಿ ಎನ್ನುವುದು ಸುಲಭ. ಯಾವ ದಿನ ಹೋಗಬೇಡಿ, ಯಾವ ಇಳಿಜಾರಿಗೆ ಹೋಗಬೇಡಿ ಎನ್ನಲು ತಿಳಿವಳಿಕೆ ಬೇಕು.

ಎರಡನೆಯದು, "ಹಣ್ಯಾಗ ಬರದದ್ದು ತಪ್ಪತದೇನು?" ಈ ಮಾತು ಹೇಳುವವರು ಮಳೆಗಾಲದಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದಿದೆ ಅಂದರೆ ಬಸ್ಸಿನ ಟಿಕೆಟ್ ರದ್ದು ಮಾಡುತ್ತಾರೆ. ಅಲ್ಲಿ ಹಣೆಬರಹ ನೆನಪಾಗುವುದಿಲ್ಲ. ಲಾಹೌಲ್ ಕಣಿವೆಯವರು 1979ರ ಮಾರ್ಚ್‌ನಲ್ಲಿ ಹಿಮಕುಸಿತಗಳಿಗೆ ಇನ್ನೂರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡವರು. ಅಲ್ಲಿಯ ಮುದುಕಿಯೊಬ್ಬಳು ನನಗೆ ತನ್ನ ಮನೆ ತೋರಿಸಿ, ಇದು ಇಲ್ಲೇ ಯಾಕಿದೆ, ಆ ಹಸಿರು ಮೈದಾನದಲ್ಲಿ ಯಾಕಿಲ್ಲ ಗೊತ್ತಾ ಅಂತ ಕೇಳಿದ್ದಳು. ಆ ಮೈದಾನದಲ್ಲಿ ಒಂದೂ ದೊಡ್ಡ ಮರವಿರಲಿಲ್ಲ. ಬೆಟ್ಟದಲ್ಲಿ ಕಾಡಿನ ನಡುವೆ ಕ್ಷೌರ ಮಾಡಿದಂತೆ ಒಂದು ಪಟ್ಟೆ ಬೋಳಾಗಿದ್ದರೆ ಅದು ಹಿಮ ಇಳಿಯುವ ದಾರಿ. ಹಳೇ ಮನೆಗಳು ಆ ದಾರಿಯಿಂದ ಸರಿದು ಕೂತಿವೆ. ಈಗ ಸುರಂಗ ಬಂದ ಮೇಲೆ ಹೊರಗಿನವರು ಬಂದು ಕ್ಯಾಂಪು ಹಾಕುವುದು ಸರಿಯಾಗಿ ಆ ಬೋಳು ಮೈದಾನಗಳಲ್ಲೇ. ನೋಟ ಚೆನ್ನಾಗಿದೆಯಂತೆ.

ತಜ್ಞರಿಗೂ ತಪ್ಪುತ್ತದೆ, ಅದನ್ನು ಮುಚ್ಚಿಡಬಾರದು. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡ ದ್ರೌಪದಿ ಕಾ ದಂಡಾ ಶಿಖರದಲ್ಲಿ ಹಿಮಕುಸಿತಕ್ಕೆ ಸಿಕ್ಕಿ 29 ಜನ ಹೋದರು. ಅವರಲ್ಲಿ ಅದೇ ವರ್ಷ ಹದಿನಾರು ದಿನಗಳ ಅಂತರದಲ್ಲಿ ಎವರೆಸ್ಟ್ ಮತ್ತು ಮಕಾಲು ಏರಿದ್ದ ಸವಿತಾ ಕಂಸವಾಲ್ ಇದ್ದರು, ಶಿಕ್ಷಕಿಯಾಗಿ. ಕರ್ನಾಟಕದ ಹುಡುಗರೂ ಇದ್ದರು, ವಿದ್ಯಾರ್ಥಿಗಳಾಗಿ. ಅಂಥವರಿಗೇ ಹೀಗಾಗುವ ಕಡೆ, ಹಿಮದ ಬಗ್ಗೆ ಒಂದು ಪ್ರಶ್ನೆಯೂ ಇಲ್ಲದೆ ಹತ್ತೊಂಬತ್ತು ಜನ ಮೂರಡಿ ಅಂತರದಲ್ಲಿ ಹಾಡು ಹಾಕಿಕೊಂಡು ನಡೆಯುತ್ತಾರೆ.

ಈಗ ನಮ್ಮ ಮನೆಯಲ್ಲಿ ಒಂದು ನಿಯಮವಿದೆ. ರೊಟ್ಟಿ ತಟ್ಟೆಗೆ ಬೀಳುವ ಮೊದಲು ಹಿಮ ಯಾವಾಗ ಬಿತ್ತೆಂದು ಹೇಳಬೇಕು. ನಿನ್ನೆ ಮೊನ್ನೆ ಬಿತ್ತು ಅಂದರೆ ಎರಡು ದಿನ ಇಲ್ಲೇ ಇರಿ, ಕುತುಬ್ ಮಿನಾರ್ ನೋಡಿ, ಕರೋಲ್ ಬಾಗಿನಲ್ಲಿ ಇಡ್ಲಿ ತಿನ್ನಿ ಅನ್ನುತ್ತೇನೆ. ಗುಂಪಿನಲ್ಲಿ ಸಲಿಕೆ ಎಷ್ಟು ಅಂತ ಕೇಳುತ್ತೇನೆ. ಕಡಿದಾದ ಕಡೆ ಒಬ್ಬೊಬ್ಬರೇ ದಾಟಿ, ಉಳಿದವರು ನೋಡುತ್ತಾ ನಿಲ್ಲಿ, ಕಾಲ ಕೆಳಗೆ ಧುಪ್ ಅಂದರೆ ಬಂದ ಹೆಜ್ಜೆಯಲ್ಲೇ ವಾಪಸ್ ತಿರುಗಿ ಅಂತ ಗಿಳಿಪಾಠ ಒಪ್ಪಿಸುತ್ತೇನೆ. ಈ ಮುದುಕನ ತಲೆ ಕೆಟ್ಟಿದೆ ಅಂತ ಹುಡುಗರು ಕಣ್ಣಲ್ಲೇ ಮಾತಾಡಿಕೊಳ್ಳುತ್ತಾರೆ. ಕಳೆದ ವರ್ಷ ಇಬ್ಬರು ನಮ್ಮನೆಗೆ ಬರದೆ ನೇರ ವಿಮಾನ ನಿಲ್ದಾಣದಿಂದಲೇ ಬಸ್‌ಸ್ಟ್ಯಾಂಡಿಗೆ ಹೋದರು ಎಂದು ಆಮೇಲೆ ತಿಳಿಯಿತು. ಹೋಗಲಿ. ಒಂದು ಸಲಿಕೆ ಕೊಂಡು ಬಾಗಿಲ ಹಿಂದೆ ಇಟ್ಟಿದ್ದೇನೆ, ಮಡಚುವಂಥದ್ದು, ಯಾರು ಕೇಳಿದರೂ ಕೊಡುತ್ತೇನೆ. ಈವರೆಗೆ ಮೂರು ಸಲ ಹೋಗಿ ಬಂದಿದೆ.

ಅಕ್ಕಾ, ಈ ಪುಸ್ತಕ ನಿನ್ನ ಕೈಗೆ ಬರುತ್ತದೆ, ನೀನು ನಾನು ಬರೆದದ್ದು ಏನಿದ್ದರೂ ಓದುತ್ತಿ. ಅವತ್ತು ರಾತ್ರಿ ನೀನು ಫೋನ್ ಮಾಡಿ "ತಮ್ಮಾ, ಹುಡುಗ ಹೆಂಗಿದಾನೋ, ಊಟ ಮಾಡಿದ್ನೋ" ಅಂತ ಕೇಳಿದಾಗ ನಾನು "ಮಾಡ್ಯಾನ, ಮಲಗ್ಯಾನ" ಅಂದೆ. ಎರಡೂ ನಿಜವೇ. ವಿಡಿಯೋ ಅವನ ಹತ್ತಿರ ಇನ್ನೂ ಇದೆ. ಕೇಳು, ತೋರಿಸುತ್ತಾನೆ. ಸದ್ದು ಜೋರಾಗಿ ಇಟ್ಟು ನೋಡು.